ಅಪ್‌ಡೇಟ್: ಸವೆದ ವಿಜಯನಗರ ಶಾಸನದ ವರ್ಷ ಸಿಕ್ಕಿತು

ಪಿಎಚ್.ಡಿ.ಗೆ ಬೇಕಿದ್ದ, ಗಂಗಾವತಿ ಕಡೆಯ ಸದಾಶಿವರಾಯನ ಕಾಲದ ಸವೆದ ಶಾಸನದ ವರ್ಷ ಓದುವುದು ಹೇಗೆ ಅಂತ ಕೇಳಿದ್ದೆನಲ್ಲ, ಓದಾಯ್ತು. ಕೈಹಿಡಿದದ್ದು ಓರೆ ಬೆಳಕಿನ ಸಲಹೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ. ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಏಳುತ್ತದೆ. ಸೀಮೆಸುಣ್ಣ ಮಾತ್ರ ದಯವಿಟ್ಟು ತುಂಬಬೇಡಿ, ಕಲ್ಲಿಗೆ ಕೇಡು.

ಕೆಲವರು ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ ಅಂದಿದ್ದರು; ಅದು ಮೈಸೂರು, ಕೊಡಗಿನ ಶಾಸನಗಳ ಸಂಪುಟಮಾಲೆ. ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಅಲ್ಲಿ ಸಿಗಲ್ಲ.

ಶಕವರ್ಷದ ಕೊನೆಯ ಅಂಕಿ ಅಳಿಸಿತ್ತು, ‘ರಕ್ತಾಕ್ಷಿ’ ಅನ್ನುವ ಸಂವತ್ಸರದ ಹೆಸರು ಉಳಿದಿತ್ತು. ಒಂದೇ ಹೆಸರಿನ ಸಂವತ್ಸರ ಮರಳುವುದು 60 ವರ್ಷಕ್ಕೆ, ಸದಾಶಿವರಾಯನ ಕಾಲದಲ್ಲಿ ಅದು ಬರುವುದು ಒಂದೇ ಸಲ, ಹಾಗಾಗಿ ಶಕ 1486 ಖಚಿತ. 78 ಕೂಡಿಸಿದರೆ ಕ್ರಿ.ಶ. 1564. ಆದರೆ ಮಾಘ, ಫಾಲ್ಗುಣವಾದರೆ 79 ಕೂಡಿಸಬೇಕು, 1565 ಆಗುತ್ತದೆ. ವಿಜಯನಗರ ಸೋತ ರಕ್ಕಸತಂಗಡಿ (ತಾಳಿಕೋಟೆ) ಯುದ್ಧ ಆ ಜನವರಿಯಲ್ಲೇ ನಡೆದದ್ದು, ಶಾಸನ ಅದಕ್ಕೆ ಮೊದಲಿನದೋ ನಂತರದ್ದೋ ಅನ್ನುವುದು ಮುಖ್ಯ, ಆದ್ದರಿಂದ ಮಾಸ ಓದದೆ ವರ್ಷ ಬರೆಯಬೇಡಿ.