‘ಎಲ್ಲಾ ಸರಿ ಇದೆ ಮೇಡಂ’: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಪೀಣ್ಯದಲ್ಲಿ ಸುಮಾರು 60 ಜನರ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್‌ನಲ್ಲಿ ಲೋಹದ ಬಿಡಿಭಾಗ ಕಡೆಯುವ) ಘಟಕ. ತಂದೆಯಿಂದ ಹೊಣೆ ವಹಿಸಿಕೊಂಡ ಮಗಳ ಪತ್ರ. ಮೀಟಿಂಗ್‌ನಲ್ಲಿ ಯಾರನ್ನು ಕೇಳಿದರೂ ‘ಎಲ್ಲಾ ಸರಿ ಇದೆ’ ಅನ್ನುತ್ತಾರೆ, ಕೆಟ್ಟ ಪೀಸುಗಳು ಮಾತ್ರ ಗ್ರಾಹಕರಿಂದ ವಾಪಸ್ ಬರುತ್ತಿವೆ. ಗೋಡೆಗೆ ‘ನಮ್ಮ ಮೌಲ್ಯಗಳು’ ಬೋರ್ಡ್ ಹಾಕಿಸಿದ್ದಾಯಿತು. ಒಳ್ಳೆಯ ಆಪರೇಟರ್‌ಗಳು ನಿಲ್ಲುತ್ತಿಲ್ಲ. ‘ಈಗಿನ ಹುಡುಗರೇ ಹೀಗೆ’ ಎನ್ನುತ್ತಾರೆ ಅಪ್ಪ.

1

ಬೋರ್ಡ್ ಹಾಗಿರಲಿ ಮೇಡಂ, ಒಂದು ಲೆಕ್ಕ ಹಾಕಿ. ಪೀಸಿಗೆ 90 ಸೆಕೆಂಡ್ ಸೈಕಲ್ ಟೈಮ್, ಎರಡು ಗಂಟೆಗೊಮ್ಮೆ ಅಳತೆ ಅಂತಿಟ್ಟುಕೊಳ್ಳಿ. ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಸವೆದು ಬೋರ್ (ಪೀಸಿನ ಒಳರಂಧ್ರ) ಅಳತೆ ತಪ್ಪಿದ್ದು ಆಪರೇಟರ್ ಕಣ್ಣಿಗೆ ಬಿತ್ತು. ಹಿಂದಿನ ಸರಿ ಅಳತೆಯಿಂದ ಈಚೆಗಿನ 80 ಪೀಸೂ ಅನುಮಾನದ್ದೇ. ಹೇಳಿದರೆ ಅಷ್ಟನ್ನೂ ಪ್ಲಗ್ ಗೇಜ್ (ರಂಧ್ರದ ಅಳತೆ ಪರೀಕ್ಷಿಸುವ ಸಾಧನ) ಹಿಡಿದು ಅವನೇ ವಿಂಗಡಿಸಬೇಕು, ಟಾರ್ಗೆಟ್ ಹೋಯಿತು, ಮೇಲೆ ಬೈಗುಳ. ಸುಮ್ಮನೆ ಆಫ್‌ಸೆಟ್ (ಮೆಷಿನ್‌ನಲ್ಲಿ ಟೂಲ್‌ನ ಸ್ಥಾನ ಸರಿಹೊಂದಿಸುವ ಅಂಕಿ) ತಿದ್ದಿ ಮುಂದಕ್ಕೆ ಹೋದರೆ ಏನೂ ಇಲ್ಲ. ಮುಚ್ಚಿಡುವುದು ಸೋಮಾರಿತನವಲ್ಲ, ನಿಮ್ಮ ವ್ಯವಸ್ಥೆಯೇ ಕಲಿಸಿದ ಜಾಣತನ.

ಅಳತೆಯನ್ನು ಅರ್ಧ ಗಂಟೆಗೊಮ್ಮೆ ಮಾಡಿ. ಅನುಮಾನದ ಪೀಸು 20ಕ್ಕಿಳಿಯುತ್ತದೆ. ಪ್ರತಿ ಅರ್ಧ ಗಂಟೆಯದ್ದಕ್ಕೆ ಬೇರೆ ಟ್ರೇ ಇಡಿ, ಒಂದರೊಳಗೊಂದು ಬೆರೆಯಬಾರದು. ವಿಂಗಡಿಸಿದ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಿರಿ. ಇನ್ಸರ್ಟ್ ಬದಲಿಸಿದ ಮೇಲಿನ ಮೊದಲ ಪೀಸನ್ನು ಇನ್ನೊಬ್ಬರು ಅಳೆಯಲಿ. ಕೆಟ್ಟ ಪೀಸನ್ನು ಕೆಂಪು ಡಬ್ಬಿಗೆ ಹಾಕುವಾಗ ಮೆಷಿನ್, ಸಮಯ, ಕಾರಣ ಬರೆದರೆ ಸಾಕು, ಹೆಸರು ಬೇಡ.

ಮೊದಲ ತಿಂಗಳು ರಿಜೆಕ್ಷನ್ (ತಿರಸ್ಕೃತ ಪೀಸುಗಳ ಲೆಕ್ಕ) ಜಾಸ್ತಿಯಾಗುತ್ತದೆ. ಗಾಬರಿ ಬೇಡ, ಅಷ್ಟು ದಿನ ಅಡಗಿದ್ದದ್ದು ಹೊರಬಂದಿದೆ ಅಷ್ಟೇ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧಿ ತಪ್ಪುಗಳು ಹೆಚ್ಚು ವರದಿಯಾಗಿದ್ದವು. ಅವರು ಮುಚ್ಚಿಡುತ್ತಿರಲಿಲ್ಲ, ಅದೇ ಕಾರಣ. ಆದ್ದರಿಂದ ಒಟ್ಟು ರಿಜೆಕ್ಷನ್ ಬಿಡಿ, ಕೆಟ್ಟ ಪೀಸು ಎಲ್ಲಿ ಸಿಕ್ಕಿತು ಎಂದು ಬರೆದಿಡಿ: ಅದೇ ಮೆಷಿನ್‌ನಲ್ಲೋ, ಮುಂದಿನ ಆಪರೇಷನ್‌ನಲ್ಲೋ, ಫೈನಲ್ ತಪಾಸಣೆಯಲ್ಲೋ, ಗ್ರಾಹಕರ ಬಳಿಯೋ. ಮೊದಲನೆಯದರ ಪಾಲು ಏರುತ್ತಿದ್ದರೆ ದಾರಿ ಸರಿಯಿದೆ.

ಹಾಳಾದ ಪೀಸಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ನಿರ್ಲಕ್ಷ್ಯ ಖಚಿತವಾಗದೆ, ಅವನ ವಿವರಣೆ ಕೇಳದೆ ಹಾಗೆ ಹಿಡಿಯಲು ಕಾನೂನೂ ಬಿಡುವುದಿಲ್ಲ.

*– ನಿವೃತ್ತ ಗುಣಮಟ್ಟ ವ್ಯವಸ್ಥಾಪಕರು, ತುಮಕೂರು*

2

ಶಿಕ್ಷೆಯೇ ಬೇಡ ಎಂದು ಯಾರಾದರೂ ಬರೆದಾರು, ಪೂರ್ತಿ ಒಪ್ಪಬೇಡಿ. ತಪ್ಪು ಬೇರೆ, ಸುಳ್ಳು ಬರಹ ಬೇರೆ. ಹಳೆಯ ಇನ್‌ಸ್ಪೆಕ್ಷನ್ ಶೀಟ್‌ಗಳನ್ನು ತೆಗೆದು ನೋಡಿ. ಶಿಫ್ಟಿನ ಎಂಟೂ ಗಂಟೆಗಳ ಅಂಕಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಎಲ್ಲವೂ 25.01 ಎಂದಿದ್ದರೆ ಶಿಫ್ಟ್ ಕೊನೆಗೆ ಕೂತು ತುಂಬಿದ್ದು. ಟೂಲ್ ಸವೆಯುತ್ತಿದ್ದರೆ ಅಳತೆ ನಿಧಾನಕ್ಕೆ ಒಂದು ಕಡೆ ಜರುಗಲೇಬೇಕಲ್ಲ! ಆದರೂ ಕ್ರಮಕ್ಕೆ ಮೊದಲು ಎಣಿಸಿ: ಆರು ಮೆಷಿನ್‌ಗೆ ಅಳೆಯುವ ಮೈಕ್ರೋಮೀಟರ್ ಒಂದೇ ಇದೆಯಾ? ಇದ್ದರೆ ಸುಳ್ಳು ಬರೆಸಿದ್ದು ನೀವೇ.

ಇನ್ನು ಅಪ್ಪನವರ ಮಾತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೂ ಕಳಪೆ ಗುಣಮಟ್ಟಕ್ಕೂ ಕುಖ್ಯಾತವಾಗಿತ್ತು. 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ‘ನುಮ್ಮಿ’ ಹೆಸರಿನಲ್ಲಿ ಮತ್ತೆ ತೆರೆದಾಗ ಬಹುಪಾಲು ಹಳೆಯ ಕಾರ್ಮಿಕರೇ, ಯೂನಿಯನ್ನೂ ಅದೇ. ಗುಣಮಟ್ಟ ಮಾತ್ರ ಬದಲಾಗಿ ಹೋಯಿತು. ತೊಂದರೆ ಕಂಡವನು ಹಗ್ಗ ಎಳೆಯಬಹುದಿತ್ತು, ಎಳೆದರೆ ಟೀಮ್ ಲೀಡರ್ ಬರುತ್ತಿದ್ದ. ಎಷ್ಟೋ ಕಡೆ ಹಗ್ಗ ಕಟ್ಟುತ್ತಾರೆ, ಬರುವವರು ಇರುವುದಿಲ್ಲ. ನಿಮ್ಮ ಮೆಷಿನ್‌ಗಳ ಮೇಲಿನ ಕೆಂಪು ದೀಪ ಹೊತ್ತಿದರೆ ಯಾರು, ಎಷ್ಟು ನಿಮಿಷದಲ್ಲಿ ಬರಬೇಕು ಎಂದು ಗೊತ್ತುಮಾಡಿ. ಬಂದವರ ಮೊದಲ ಪ್ರಶ್ನೆ ‘ಯಾರು ಮಾಡಿದ್ದು?’ ಆಗಬಾರದು, ‘ಪೀಸ್ ಎಲ್ಲಿ, ತೋರಿಸು’ ಆಗಬೇಕು.

ಒಳ್ಳೆಯ ಸೆಟ್ಟರ್‌ನನ್ನೇ (ಮೆಷಿನ್‌ಗೆ ಟೂಲ್ ಕೂರಿಸಿ ಸಜ್ಜುಗೊಳಿಸುವವನನ್ನೇ) ಸೂಪರ್‌ವೈಸರ್ ಮಾಡುವುದು ನಮ್ಮಲ್ಲಿ ರೂಢಿ. ಜನರೊಡನೆ ಮಾತಾಡುವುದನ್ನು ಅವನಿಗೆ ಯಾರೂ ಕಲಿಸಿರುವುದಿಲ್ಲ. ಶಿಫ್ಟ್ ಬದಲಾಗುವಾಗ ಹತ್ತು ನಿಮಿಷ ಎರಡೂ ಶಿಫ್ಟಿನವರು ಮೆಷಿನ್ ಹತ್ತಿರವೇ ನಿಂತು ಟೂಲ್, ಆಫ್‌ಸೆಟ್, ಅನುಮಾನದ ಟ್ರೇ ಒಪ್ಪಿಸಿಕೊಳ್ಳಲಿ. ಆ ಹತ್ತು ನಿಮಿಷಕ್ಕೆ ದುಡ್ಡು ಕೊಡಿ. ಅಪ್ಪನವರು ಫ್ಲೋರಿಗೆ ಬಂದು ನೇರವಾಗಿ ಆಪರೇಟರ್‌ಗೆ ‘ಅದು ಬಿಡು, ಇದು ಹಾಕು’ ಅನ್ನುತ್ತಿದ್ದರೆ ಸೂಪರ್‌ವೈಸರ್ ಇದ್ದೂ ಇಲ್ಲದಂತೆ. ಇದನ್ನು ಮನೆಯಲ್ಲೇ ಮಾತಾಡಿ ಮುಗಿಸಿ, ಫ್ಲೋರಿನಲ್ಲಿ ಬೇಡ.

ನಿಮ್ಮಲ್ಲಿ ನಿಜವಾಗಿ ಯಾವುದಕ್ಕೆ ಬೆಲೆ ಎಂಬುದು ತಿಂಗಳ 29, 30ಕ್ಕೆ ಗೊತ್ತಾಗುತ್ತದೆ. ಬಿಲ್ಲಿಂಗ್ ಒತ್ತಡದಲ್ಲಿ ಅನುಮಾನದ ಲಾಟ್ ಒಂದನ್ನು ನೀವು ‘ಈ ಸಲ ಕಳಿಸಿಬಿಡಿ’ ಅಂದರೆ ಬೋರ್ಡ್ ಇಳಿಸಿದಂತೆಯೇ. ತಡೆದಿರೋ, ಮರುದಿನ ಟೀ ಹೊತ್ತಿಗೆ ಎಲ್ಲರಿಗೂ ಸುದ್ದಿ ಮುಟ್ಟಿರುತ್ತದೆ.

*– ಪ್ರೊಡಕ್ಷನ್ ಮ್ಯಾನೇಜರ್, ಹೊಸೂರು*

3

ಮೀಟಿಂಗ್‌ನಲ್ಲಿ ಸೂಪರ್‌ವೈಸರ್ ಎದುರಿಗೆ ಯಾರೂ ನಿಜ ಹೇಳುವುದಿಲ್ಲ. ಆರೇಳು ಜನರ ಗುಂಪು ಮಾಡಿ, 40 ನಿಮಿಷ ಕೂರಿಸಿ. ಸೂಪರ್‌ವೈಸರ್ ಬೇಡ, ಮೊದಲ ಸುತ್ತಿಗೆ ನೀವೂ ಬೇಡ. ಕಾಂಟ್ರ್ಯಾಕ್ಟ್‌ನವರು ಬೇರೆ ಗುಂಪು. ಒಡಿಯಾ, ಹಿಂದಿ ಮಾತಾಡುವ ಹುಡುಗರಿದ್ದರೆ ಅವರ ಭಾಷೆ ಬಲ್ಲವರೇ ಕೇಳಬೇಕು. ‘ಇಲ್ಲಿ ಹೇಗಿದೆ?’ ಎಂದರೆ ಮತ್ತೆ ‘ಸರಿ ಇದೆ’ ಬರುತ್ತದೆ. ನಡೆದದ್ದನ್ನು ಕೇಳಿಸಿ: ‘ಕೊನೆಯ ಸಲ ಟೂಲ್ ಮುರಿದಾಗ ಮೊದಲು ಯಾರಿಗೆ ಹೇಳಿದಿರಿ? ಅವರೇನಂದರು?’ ‘ರಜೆ ಕೇಳಿ ಸಿಗದಿದ್ದಾಗ ಏನು ಮಾಡಿದಿರಿ?’

ಹೆಸರಿಲ್ಲದ ಪ್ರಶ್ನಾವಳಿ ಕೊಡುವುದಾದರೆ ಐದಕ್ಕಿಂತ ಕಡಿಮೆ ಜನರ ವಿಭಾಗವನ್ನು ಬಿಡಿಸಿ ತೋರಿಸಬೇಡಿ, ಯಾರು ಬರೆದರೆಂದು ಗೊತ್ತಾಗಿಬಿಡುತ್ತದೆ. ಹತ್ತು ದಿನದೊಳಗೆ ಉತ್ತರ ಕೊಡಿ: ಇವು ಆಗುತ್ತವೆ, ಇಷ್ಟು ದಿನದಲ್ಲಿ, ಇದು ಆಗುವುದಿಲ್ಲ, ಕಾರಣ ಇಂಥದ್ದು. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕೆಟ್ಟದ್ದು; ಮುಂದಿನ ಸಲ ಬಾಯೇ ಬಿಡುವುದಿಲ್ಲ.

ಬಿಟ್ಟು ಹೋಗುವವರನ್ನು ಕೊನೆಯ ದಿನ ಫಾರಂ ತುಂಬಿಸಿ ಕೇಳುವುದು ದಂಡ. ಸಂಬಳ ಬಾಕಿ, ಅನುಭವದ ಪತ್ರ ನಿಮ್ಮ ಕೈಯಲ್ಲಿರುವಾಗ ‘ಊರಲ್ಲಿ ಮನೆ ಕೆಲಸ’ ಅಂತಲೇ ಬರೆಯುತ್ತಾರೆ. ಲೆಕ್ಕ ಚುಕ್ತಾ ಮಾಡಿ, ತಿಂಗಳು ಬಿಟ್ಟು ಫೋನ್ ಮಾಡಿ.

*– ಮಾನವ ಸಂಪನ್ಮೂಲ ಸಲಹೆಗಾರ್ತಿ, ಮೈಸೂರು*

4

ಎರಡೇ ಮಾತು. 20 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಆಡಳಿತ ಮತ್ತು ಕಾರ್ಮಿಕರದ್ದು ಅದರಲ್ಲಿ ಸಮ ಪಾಲು. 10 ಜನರಿದ್ದರೇ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಬೇಕು: ಮಹಿಳೆಯೇ ಅಧ್ಯಕ್ಷೆ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಹೊರಗಿನವರೊಬ್ಬರು. ಎರಡೂ ಫೈಲಿನಲ್ಲಷ್ಟೇ ಇವೆಯೋ, ಸದಸ್ಯರ ಹೆಸರು ಆಪರೇಟರ್‌ಗಳಿಗೆ ಗೊತ್ತೋ, ವಿಚಾರಿಸಿ. ಹಾಗೆಯೇ ಎರಡನೇ ಶಿಫ್ಟಿನಲ್ಲಿ, ಹೇಳದೆ, ಕಾರ್ಮಿಕರ ಶೌಚಾಲಯ ನೋಡಿ ಬನ್ನಿ. ನಲ್ಲಿ ಕೆಟ್ಟಿದ್ದರೆ ಕೆಟ್ಟು ಎಷ್ಟು ದಿನವಾಯಿತು, ಯಾರಿಗೆ ಹೇಳಿದ್ದರು ಎಂದು ಕೇಳಿ.

*– ಕಾರ್ಮಿಕ ಕಾನೂನು ವಕೀಲೆ, ಹುಬ್ಬಳ್ಳಿ*