ಪೆನ್ ಡ್ರೈವ್‌ನ ಹಾಡುಗಳು ಕಾರಿನಲ್ಲಿ ಅಡ್ಡಾದಿಡ್ಡಿ ಬರುತ್ತಿವೆ, ಅಪ್ಪ ಹಾಕಿದ ಕ್ರಮವೇ ಬೇಕು

ಕೊಥ್ರೂಡ್‌ನ ಧಾರವಾಡದವಳು:

ನಮಸ್ಕಾರ. ಪುಣೆಗೆ ಬಂದು 22 ವರ್ಷವಾಯಿತು. ಮುಂದಿನ ತಿಂಗಳು ಅಮ್ಮನನ್ನು ಕಾರಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. 400 ಕಿಲೋಮೀಟರಿಗೂ ಹೆಚ್ಚಿನ ದಾರಿ, ಅವರಿಗೆ ಈಗ 78. ದಾರಿಯುದ್ದಕ್ಕೂ ಅಪ್ಪನ ಕ್ಯಾಸೆಟ್‌ಗಳನ್ನು ಕೇಳಿಸಬೇಕೆಂದು ಆಸೆ.

ಅಪ್ಪ ಬಿಟ್ಟುಹೋದದ್ದು 46 ಕ್ಯಾಸೆಟ್. ಬಹುಪಾಲು ಧಾರವಾಡ ಆಕಾಶವಾಣಿಯಿಂದ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟವು. ಮನ್ಸೂರರು, ಗಂಗೂಬಾಯಿಯವರು, ರಾಜಗುರುಗಳು, ಭೀಮಸೇನರು ಎಲ್ಲರೂ ಇದ್ದಾರೆ. ಕೆಲವು ಕಡೆ ಉದ್ಘೋಷಕರ ದನಿಯ ತುಣುಕೂ ಉಳಿದಿದೆ. ಅಪ್ಪ ಇವಕ್ಕೆ ಹಾಡಿದವರ ಹೆಸರಿನ ಪ್ರಕಾರ ಸಂಖ್ಯೆ ಹಾಕಿರಲಿಲ್ಲ, ಹೊತ್ತಿನ ಪ್ರಕಾರ ಹಾಕಿದ್ದರು. 1ರಲ್ಲಿ ಬೆಳಗಿನ ರಾಗ ಭೈರವ, ಆಮೇಲೆ ತೋಡಿ, ಬಿಸಿಲೇರಿದಂತೆ ಸಾರಂಗ, ಭೀಮಪಲಾಸ, ದೀಪ ಹಚ್ಚುವ ಹೊತ್ತಿಗೆ ಪೂರಿಯಾ, ಯಮನ್. ಹೀಗೆ ಸಾಗಿ 46ರಲ್ಲಿ, ಸಂಗೀತ ಕಚೇರಿಯ ಕೊನೆಗೆ ಹಾಡುವ ಭೈರವಿ. ಪ್ರತಿ ಡಬ್ಬಿಯ ಬೆನ್ನಿಗೆ ಅಂಟಿಸಿದ ಪುಟ್ಟ ಚೀಟಿಯಲ್ಲಿ ನೀಲಿ ಶಾಯಿಯ ಅಂಕಿ ಇನ್ನೂ ಮಾಸಿಲ್ಲ.

ಬುಧವಾರ ಪೇಟೆಯ ತಪಕೀರ್ ಗಲ್ಲಿಯಿಂದ ಕೇಬಲ್ ತಂದು, ಹಳೆಯ ಡೆಕ್ಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಐದು ತಿಂಗಳು ಕುಳಿತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದೇನೆ. ಎಂಪಿ3 ಮಾಡಿ, ಅಪ್ಪನ ಅಂಕಿಯನ್ನೇ ಮುಂದಿಟ್ಟು ಹೆಸರು ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ನೋಡಿದರೆ 1ರಿಂದ 46ರವರೆಗೆ ಸಾಲಾಗಿ ನಿಂತಿವೆ. ಕಾರಿಗೆ ಹಾಕಿದರೆ ಮೊದಲು ಬರುವುದೇ 46! ಆಮೇಲೆ 7, ಆಮೇಲೆ 31. ಕಳೆದ ಭಾನುವಾರ ಸಿಂಹಗಡದ ಕಡೆ ಹೊರಟಾಗ, ಬೆಳಗಿನ ಏಳು ಗಂಟೆಗೆ ಭೈರವಿ ಶುರುವಾಯಿತು. ಅಮ್ಮ, "ಭೈರವಿ ಆದಮೇಲೆ ಎದ್ದು ಮನೆಗೆ ಹೋಗುವುದಲ್ಲವೇ?" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ.

ಇನ್ನೂ ಮೂರು ತೊಂದರೆಗಳಿವೆ. ಹಲವು ಹಾಡುಗಳು ಎರಡೆರಡು ಸಲ ಕಾಣಿಸುತ್ತವೆ, ಅದರಲ್ಲಿ ಒಂದು ನುಡಿಯುವುದೇ ಇಲ್ಲ. ಪರದೆಯ ಮೇಲೆ ಕನ್ನಡದ ಬದಲು ಚೌಕಗಳ ಸಾಲು ಬರುತ್ತದೆ. ಕಡತದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದರೂ ಚೌಕಗಳು ಹೋಗಿಲ್ಲ. ಮತ್ತೆ, ಧಾರವಾಡದಿಂದ ದೊಡ್ಡಮ್ಮ ವಾಟ್ಸ್‌ಆ್ಯಪ್‌ನಲ್ಲಿ ಹಾಡಿ ಕಳಿಸಿದ ದಾಸರ ಪದವೊಂದಿದೆ. ಅದರ ಹೆಸರಿನ ಕೊನೆಯಲ್ಲಿ ಕಡತದ ಬಗೆ ಹೇಳುವ ಓಪಸ್ ಎಂಬುದನ್ನು ತೆಗೆದು ಎಂಪಿ3 ಎಂದು ಬರೆದೆ. ಕಾರು ಅದನ್ನು ಮುಟ್ಟುವುದೇ ಇಲ್ಲ.

ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಠಾಣೆಯ ಶ್ರೋತೃ:

ಇಷ್ಟು ಕಷ್ಟ ಏಕೆ? ಎಲ್ಲವನ್ನೂ ಫೋನಿಗೆ ಹಾಕಿ ಬ್ಲೂಟೂತ್‌ನಲ್ಲಿ ನುಡಿಸಿ. ಕ್ರಮ ಫೋನ್ ನೋಡಿಕೊಳ್ಳುತ್ತದೆ, ಕನ್ನಡವೂ ಫೋನಿನ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ.

ಕೊಥ್ರೂಡ್‌ನ ಧಾರವಾಡದವಳು:

ಅದನ್ನೂ ಮಾಡಿ ನೋಡಿದ್ದೇನೆ. ವಿಲಂಬಿತದ ನಡುವೆ ಕರೆ ಬಂದರೆ ಹಾಡು ನಿಲ್ಲುತ್ತದೆ. ದಾರಿ ತೋರಿಸುವ ಹೆಂಗಸಿನ ದನಿ ಆಲಾಪದ ಮೇಲೆಯೇ ಮಾತಾಡುತ್ತದೆ. ನನ್ನ ಫೋನ್ ನಕ್ಷೆಗೂ ಕಚೇರಿಯ ಕರೆಗಳಿಗೂ ಬೇಕು. ಸಂಗೀತಕ್ಕೆ ಅದರದೇ ಒಂದು ಜಾಗ ಇರಲಿ.

ಚಿಂಚವಡದ ವೈರಿಂಗ್‌ನವನು:

ಅಕ್ಕ, ನಾನು ಹದಿನೈದು ವರ್ಷದಿಂದ ಕಾರುಗಳಿಗೆ ಸ್ಟೀರಿಯೊ ಕೂರಿಸುವ ಕೆಲಸದಲ್ಲಿದ್ದೇನೆ. ಮೂರು ವಿಷಯ ಹೇಳಿ: ಡ್ರೈವ್ ಎಷ್ಟು ಜಿಬಿ? ಯಾವ ಕಂಪ್ಯೂಟರಿನಿಂದ ತುಂಬಿದಿರಿ? ಒಂದೇ ಸಲ ತುಂಬಿದಿರೋ, ಬಿಡಿಬಿಡಿಯಾಗಿಯೋ?

ಕೊಥ್ರೂಡ್‌ನ ಧಾರವಾಡದವಳು:

ಈಗಿರುವುದು 16 ಜಿಬಿ. ಮೊದಲು ಹೊಸ 64 ಜಿಬಿ ತಂದಿದ್ದೆ, ಕಾರು ಅದನ್ನು ಓದಲೇ ಇಲ್ಲ. ಇಳಿಸಿದ ಹಾಗೆಲ್ಲ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ತುಂಬುತ್ತಾ ಹೋದೆ. ಸದ್ದು ಸರಿ ಬಾರದ ಕೆಲವನ್ನು ಅಳಿಸಿ, ಮತ್ತೆ ಇಳಿಸಿ ಹಾಕಿದೆ. ಕೊನೆಯ ಹತ್ತಿಪ್ಪತ್ತನ್ನು ಮಗಳು ತನ್ನ ಮ್ಯಾಕ್‌ನಿಂದ ಹಾಕಿಕೊಟ್ಟಳು.

ಚಿಂಚವಡದ ವೈರಿಂಗ್‌ನವನು:

ಎಲ್ಲ ಉತ್ತರವೂ ನಿಮ್ಮ ಮಾತಿನಲ್ಲೇ ಇದೆ. ನಿಧಾನವಾಗಿ ಹೇಳುತ್ತೇನೆ.

ಪೆನ್ ಡ್ರೈವ್‌ನಲ್ಲಿ ಕಡತಗಳ ಹೆಸರು ಬರೆದಿಡುವ ಒಂದು ಪಟ್ಟಿ ಇರುತ್ತದೆ, ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ. ಯಾವುದು ಮೊದಲು ಬಂತೋ ಅದು ಮೊದಲ ಸಾಲಿನಲ್ಲಿ. ಕಂಪ್ಯೂಟರ್ ಆ ಪಟ್ಟಿಯನ್ನು ಓದಿ, ಅಂಕಿಯ ಪ್ರಕಾರ ಜೋಡಿಸಿ ನಿಮಗೆ ತೋರಿಸುತ್ತದೆ. ಬಹಳಷ್ಟು ಕಾರಿನ ಸ್ಟೀರಿಯೊಗಳು ಜೋಡಿಸುವ ಗೋಜಿಗೆ ಹೋಗುವುದಿಲ್ಲ, ಪಟ್ಟಿಯಲ್ಲಿ ಇದ್ದ ಹಾಗೆಯೇ ನುಡಿಸುತ್ತಾ ಹೋಗುತ್ತವೆ. ನೀವು ಒಂದು ಕಡತ ಅಳಿಸಿದರೆ ಅದರ ಸಾಲು ಖಾಲಿಯಾಗುತ್ತದೆ, ಆಮೇಲೆ ಹಾಕಿದ್ದು ಆ ಖಾಲಿ ಸಾಲಿನಲ್ಲಿ ಕೂರಬಹುದು. ಮೊದಲ ಸಾಲಿನಲ್ಲಿದ್ದುದನ್ನು ನೀವು ಯಾವಾಗಲೋ ಅಳಿಸಿದ್ದೀರಿ, ಭೈರವಿ ಅಲ್ಲಿ ಹೋಗಿ ಕುಳಿತಿದೆ.

ಆದ್ದರಿಂದ ಇದ್ದುದರಲ್ಲೇ ತಿದ್ದಲು ಹೋಗಬೇಡಿ. 16 ಜಿಬಿಯನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಡ್ರೈವ್‌ನಲ್ಲಿ ಕಡತ ಜೋಡಿಸಿಡುವ ಪದ್ಧತಿ ಕೇಳಿದಾಗ ಫ್ಯಾಟ್32 ಆಯ್ದುಕೊಳ್ಳಿ. ಆಮೇಲೆ ಒಂದೊಂದಾಗಿ ಕ್ರಮದಲ್ಲೇ ಹಾಕಿ. ಎಲ್ಲವನ್ನೂ ಒಟ್ಟಿಗೆ ಆಯ್ದು ಎಳೆದರೆ, ಯಾವುದರ ಮೇಲೆ ಬಾಣ ಇಟ್ಟು ಎಳೆದಿರೋ ಅದು ಮೊದಲು ಹೋಗಿಬಿಡಬಹುದು. 46 ಕಡತ ಒಂದೊಂದಾಗಿ ಹಾಕಲು ಅರ್ಧ ಗಂಟೆ ಸಾಕು. ಬೇಸರವೆನಿಸಿದರೆ ಫ್ಯಾಟ್‌ಸಾರ್ಟ್ ಎಂಬ ಪುಟ್ಟ ತಂತ್ರಾಂಶವಿದೆ, ಅದು ಪಟ್ಟಿಯನ್ನೇ ಹೆಸರಿನ ಪ್ರಕಾರ ಹೊಸದಾಗಿ ಬರೆಯುತ್ತದೆ. ಅಂಕಿಯನ್ನು 1, 2 ಎಂದು ಬರೆಯದೆ 01, 02 ಎಂದು ಬರೆಯಿರಿ. ಹೆಸರಿನಂತೆ ಜೋಡಿಸುವ ಸ್ಟೀರಿಯೊ ಆದರೂ 1 ಆದ ಮೇಲೆ 10ಕ್ಕೆ ಹಾರುವುದು ತಪ್ಪುತ್ತದೆ.

ಎರಡೆರಡು ಕಾಣುವುದು ಮಗಳ ಮ್ಯಾಕ್‌ನಿಂದ. ಇಂಥ ಡ್ರೈವ್‌ಗೆ ಬರೆಯುವಾಗ ಅದು ಪ್ರತಿ ಕಡತದ ಜೊತೆಗೆ ತನ್ನ ಟಿಪ್ಪಣಿಯ ಇನ್ನೊಂದು ಸಣ್ಣ ಕಡತವನ್ನೂ ಇಡುತ್ತದೆ. ಹೆಸರು ಅದೇ, ಮುಂದೆ ಒಂದು ಚುಕ್ಕಿ ಮತ್ತು ಅಡಿಗೆರೆ. ಕಂಪ್ಯೂಟರ್ ಅದನ್ನು ಮರೆಮಾಡುತ್ತದೆ, ಕಾರು ಮಾತ್ರ ಹಾಡೆಂದುಕೊಂಡು ತೆರೆಯಲು ನೋಡುತ್ತದೆ. ಈ ಸಲ ಎಲ್ಲವನ್ನೂ ವಿಂಡೋಸ್‌ನಿಂದಲೇ ಹಾಕಿ.

ಚೌಕಗಳ ವಿಷಯ: ನಿಮ್ಮ ಕನ್ನಡ ಕೆಟ್ಟಿಲ್ಲ, ಡ್ರೈವ್‌ನಲ್ಲಿ ಅಕ್ಷರಗಳು ಸರಿಯಾಗಿಯೇ ಇವೆ. ಸ್ಟೀರಿಯೊ ಒಳಗೆ ಕನ್ನಡದ ಫಾಂಟ್ ಇಲ್ಲ. ಕಡತದ ಹೆಸರು ಬದಲಿಸಿದರೂ ಹೋಗದಿರಲು ಕಾರಣ, ಪರದೆ ತೋರಿಸುವುದು ಹೆಸರನ್ನಲ್ಲ, ಎಂಪಿ3 ಒಳಗಿನ ಟ್ಯಾಗನ್ನು. ರಾಗ, ಹಾಡಿದವರು ಎಂದು ನೀವು ಕನ್ನಡದಲ್ಲಿ ತುಂಬಿದ್ದೀರಲ್ಲ, ಅದನ್ನು. ಕಾರಿಗೆ ಹೋಗುವ ಪ್ರತಿಯಲ್ಲಿ ಟ್ಯಾಗನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಮನೆಯ ಪ್ರತಿಯಲ್ಲಿ ಕನ್ನಡ ಹಾಗೆಯೇ ಇರಲಿ, ದಯವಿಟ್ಟು ಅಳಿಸಬೇಡಿ. ಕಾರು ಬದಲಾಗುತ್ತದೆ, ಸ್ಟೀರಿಯೊ ಬದಲಾಗುತ್ತದೆ.

ದೊಡ್ಡಮ್ಮನ ಪದ: ಡಬ್ಬಿಯ ಚೀಟಿ ಬದಲಿಸಿದರೆ ಒಳಗಿನ ಬೆಲ್ಲ ಸಕ್ಕರೆಯಾಗುವುದಿಲ್ಲ. ಅದು ಈಗಲೂ ಓಪಸ್ಸೇ. ನೀವು ಕ್ಯಾಸೆಟ್ ಇಳಿಸಲು ಬಳಸಿದ ತಂತ್ರಾಂಶದಲ್ಲೇ ತೆರೆದು ಎಂಪಿ3 ಆಗಿ ಹೊರತೆಗೆಯಿರಿ. ಆಗಲೇ ಸದ್ದನ್ನೂ ಸ್ವಲ್ಪ ಏರಿಸಿ. ಫೋನಿನ ಮುಂದೆ ಹಾಡಿದ ದನಿ ಮನೆಯಲ್ಲಿ ಕೇಳುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಸದ್ದಿನಡಿ ಮುಳುಗಿಹೋಗುತ್ತದೆ.

64 ಜಿಬಿಯದು ಹಾಳಾಗಿಲ್ಲ. ಆ ಗಾತ್ರದವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಯಲ್ಲಿ ಬರುತ್ತವೆ, ಹಳೆಯ ಸ್ಟೀರಿಯೊಗಳಿಗೆ ಅದು ಗೊತ್ತಿಲ್ಲ. ನಿಮಗೆ ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. 192 ಕೆಬಿಪಿಎಸ್ ಎಂಪಿ3 ಎಂದರೆ ಗಂಟೆಗೆ ಸುಮಾರು 86 ಎಂಬಿ. 46 ಕ್ಯಾಸೆಟ್‌ಗಳೂ 90 ನಿಮಿಷದವೇ ಎಂದುಕೊಂಡರೂ ಒಟ್ಟು 6 ಜಿಬಿ. ಆ ದೊಡ್ಡದರಲ್ಲಿ ಎಂಪಿ3 ಮಾಡುವ ಮೊದಲಿನ ನಿಮ್ಮ ಮೂಲ ವೇವ್ ಕಡತಗಳನ್ನು ಇಡಿ. ಸಿಡಿ ಗುಣಮಟ್ಟದಲ್ಲಿ ಇಳಿಸಿದ್ದರೆ ಹೆಚ್ಚೆಂದರೆ 44 ಜಿಬಿ ಆಗುತ್ತದೆ, ಹಿಡಿಸುತ್ತದೆ. ಅದು ಕಾರಿಗೆ ಬೇಡ, ಬೀರುವಿನಲ್ಲಿರಲಿ. ಐದು ತಿಂಗಳ ಶ್ರಮವನ್ನು ಮೇ ತಿಂಗಳ ಬಿಸಿಲಿನಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಮಾತು ಉದ್ದವಾಯಿತು. ಒಂದು ಸಲಹೆ ಉಳಿದಿದೆ. 46ನ್ನೂ ಒಂದೇ ರಾಶಿ ಮಾಡಬೇಡಿ. ದಿನಕ್ಕೆ ಎಂಟು ಪ್ರಹರ, ಪ್ರಹರಕ್ಕೊಂದು ಫೋಲ್ಡರ್ ಮಾಡಿ. ಎಂಟು ಗಂಟೆಯ ಪ್ರಯಾಣದಲ್ಲಿ ಎಲ್ಲವೂ ಮುಗಿಯುವುದಿಲ್ಲ; ಒಂದೇ ರಾಶಿಯಾದರೆ ನಡುಮಧ್ಯಾಹ್ನದಲ್ಲೂ ಬೆಳಗಿನ ರಾಗವೇ ನಡೆಯುತ್ತಿರುತ್ತದೆ. ಫೋಲ್ಡರ್ ಇದ್ದರೆ ಹೊತ್ತು ಬದಲಾದಾಗ ಗುಂಡಿ ಒತ್ತಿ ಮುಂದಿನದಕ್ಕೆ ಹೋಗಬಹುದು.

ಠಾಣೆಯ ಶ್ರೋತೃ:

ಬ್ಲೂಟೂತ್ ಎಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ನನ್ನ ತಂದೆಯವರ ಕ್ಯಾಸೆಟ್‌ಗಳನ್ನು ನಾನೂ ಇಳಿಸಿದ್ದೇನೆ, ಹಾಗಾಗಿ ಎರಡು ಮಾತು.

90 ನಿಮಿಷದ ಕ್ಯಾಸೆಟ್ ಎಂದರೆ ಬದಿಗೆ 45 ನಿಮಿಷ. ರಾಗ ನಡುವೆ ತುಂಡಾಗಿರುತ್ತದೆ. ಎರಡು ಬದಿಗಳನ್ನು ಜೋಡಿಸಿ ಒಂದೇ ಕಡತ ಮಾಡಿ, ನಡುವಿನ ಖಾಲಿ ಸುರುಳಿಯ ಸದ್ದನ್ನು ಮಾತ್ರ ತೆಗೆಯಿರಿ. ಎರಡು ಸೆಕೆಂಡು ಮೌನ ಉಳಿಸಿ, ಬದಿ ತಿರುಗಿಸಿದ ಜಾಗ ಕೇಳುವವರಿಗೆ ತಿಳಿಯಲಿ. ಉದ್ಘೋಷಕರ ದನಿಯನ್ನು ಕತ್ತರಿಸಲೇಬೇಡಿ.

ಇನ್ನೊಂದು, ಸದ್ದು ಮಸುಕಾಗಿರುವ ಕ್ಯಾಸೆಟ್‌ಗಳದು. ಮೊದಲು ಡೆಕ್‌ನ ಹೆಡ್ಡನ್ನು, ಅಂದರೆ ಟೇಪು ತಾಗಿ ಹಾಯುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಂದು ಬಣ್ಣದ ಪುಡಿ ಬರುತ್ತದೆ. ಆಮೇಲೂ ಮಸುಕಾಗಿದ್ದರೆ ಹೆಡ್‌ನ ಪಕ್ಕದಲ್ಲಿ ಪುಟ್ಟ ಸ್ಕ್ರೂ ಇದೆ, ಹೆಡ್‌ನ ಓರೆಯನ್ನು ಸರಿಪಡಿಸುವಂಥದ್ದು. ಕ್ಯಾಸೆಟ್ ನುಡಿಯುತ್ತಿರುವಾಗಲೇ, ಕೂದಲೆಳೆಯಷ್ಟು, ನಿಧಾನವಾಗಿ ತಿರುಗಿಸಿ. ತಾನಪುರದ ಝೇಂಕಾರ ಮುಸುಕು ತೆಗೆದಂತೆ ಹೊರಗೆ ಬರುವ ಒಂದು ಜಾಗವಿದೆ, ಅಲ್ಲಿ ನಿಲ್ಲಿಸಿ. ಬೇರೆ ಯಂತ್ರದಲ್ಲಿ ಹಿಡಿದ ಕ್ಯಾಸೆಟ್‌ಗೆ ಆ ಜಾಗವೂ ಬೇರೆ ಇರುತ್ತದೆ.

ಕೊಥ್ರೂಡ್‌ನ ಧಾರವಾಡದವಳು:

ನಿನ್ನೆ ರಾತ್ರಿ ಧಾರವಾಡ ತಲುಪಿದೆವು. ಇಬ್ಬರಿಗೂ ಏನು ಹೇಳಿದರೂ ಕಡಿಮೆಯೇ.

ಫಾರ್ಮ್ಯಾಟ್ ಮಾಡಿ ಒಂದೊಂದಾಗಿ ನಾನೇ ಹಾಕಿದೆ, ಎಂಟು ಫೋಲ್ಡರ್‌ಗಳಲ್ಲಿ. ಅಪ್ಪನ ಚೀಟಿಗಳನ್ನು ಪಕ್ಕದಲ್ಲಿ ಹರಡಿಕೊಂಡು ಕೂತಿದ್ದೆ. ಆಗ ಗಮನಕ್ಕೆ ಬಂದದ್ದು: ಅಂಕಿಗಳ ಕೆಳಗೆ ಕೆಲವು ಕಡೆ ಸಣ್ಣ ಗೆರೆ ಇದೆ, ಕೆಲವು ಕಡೆ ಇಲ್ಲ. ಗೆರೆ ಎಳೆದದ್ದು ಪ್ರತಿ ಪ್ರಹರದ ಮೊದಲ ಕ್ಯಾಸೆಟ್‌ಗೆ. ನೀವು ಹೇಳಿದ ಫೋಲ್ಡರ್‌ಗಳನ್ನು ಅಪ್ಪ ಆಗಲೇ ಮಾಡಿಟ್ಟಿದ್ದರು.

ಬೆಳಗಿನ ಐದಕ್ಕೆ ಹೊರಟೆವು. ಕಾತ್ರಜ್ ಸುರಂಗ ದಾಟುವಾಗ ಭೈರವ ನಡೆದಿತ್ತು. ಖಂಬಾಟ್ಕಿ ಘಾಟ್ ಏರಿ ಇಳಿದು, ಸಾತಾರಾ ಹತ್ತಿರ ಬಿಸಿಲು ಬಿದ್ದಾಗ ಗುಂಡಿ ಒತ್ತಿ ತೋಡಿಗೆ ಬಂದೆ. ಚಹಾಕ್ಕೆ ನಿಲ್ಲಿಸಿದಾಗ ಕಾರು ಆಫ್ ಮಾಡುವುದಕ್ಕೆ ಭಯವಾಗಿತ್ತು, ಮತ್ತೆ ಮೊದಲಿನಿಂದ ಶುರುವಾದೀತೆಂದು. ಆಗಲಿಲ್ಲ, ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಕೊಲ್ಹಾಪುರದಲ್ಲಿ ಅಮ್ಮನ ಮೊಣಕಾಲಿಗಾಗಿ ಊಟ ಮುಗಿಸಿ ಮೂರು ಗಂಟೆ ವಿಶ್ರಾಂತಿ, ಆದ್ದರಿಂದ ತಡವಾಯಿತು. ನಿಪ್ಪಾಣಿ ದಾಟಿದ ಮೇಲೆ ಭೀಮಪಲಾಸ. ಅದರ ಕೊನೆಯಲ್ಲಿ ಉದ್ಘೋಷಕರು ಸಮಯ ಹೇಳುತ್ತಾರೆ, ಅರ್ಧ ವಾಕ್ಯಕ್ಕೆ ಟೇಪು ನಿಲ್ಲುತ್ತದೆ. ಅಮ್ಮ ಮಿಕ್ಕ ಅರ್ಧವನ್ನು ತಾವೇ ಹೇಳಿದರು. ಅಪ್ಪ ಗುಂಡಿ ಒತ್ತಿ ನಿಲ್ಲಿಸಿದಾಗ ಅವರು ಅದೇ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದರಂತೆ.

ಕಿತ್ತೂರಿನ ಹತ್ತಿರ ಕತ್ತಲಾಗಿತ್ತು. ಯಮನ್ ಮುಗಿದಿತ್ತು. ದೊಡ್ಡಮ್ಮನ ಪದ ಹಾಕು ಎಂದರು ಅಮ್ಮ. ಸದ್ದು ಏರಿಸಿದ್ದರಿಂದ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿತು, ಹಿಂದೆ ಅಡುಗೆಮನೆಯ ಕುಕ್ಕರ್ ಕೂಗಿದ್ದೂ ಸೇರಿ. ಅದು ಮುಗಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿ, ಅರ್ಧ ಗಂಟೆಯಲ್ಲಿ ಬಂದೆವು, ಅನ್ನಕ್ಕೆ ಇಡು ಎಂದರು.

46ನ್ನು ನುಡಿಸಲಿಲ್ಲ. ಅದು ವಾಪಸು ಬರುವಾಗ, ಪುಣೆಯ ಮನೆಯ ಗೇಟಿನ ಹತ್ತಿರಕ್ಕೆ ಇರಲಿ ಎಂದಿದ್ದಾರೆ ಅಮ್ಮ.

ಠಾಣೆಯವರೇ, 31ರ ಬಿ ಬದಿ ಮಾತ್ರ ಇನ್ನೂ ಮಸುಕಾಗಿಯೇ ಇದೆ. ಹೆಡ್ ಒರೆಸಿದ್ದೇನೆ, ಸ್ಕ್ರೂ ಮುಟ್ಟಲು ಧೈರ್ಯ ಬಂದಿಲ್ಲ. ಅಪ್ಪನ ಹಳೆಯ ಟೇಪ್ ರೆಕಾರ್ಡರ್ ಇಲ್ಲಿ ಅಟ್ಟದ ಮೇಲೆ ಸಿಕ್ಕಿದೆ. ಅದು ಹಿಡಿದದ್ದನ್ನು ಅದರಲ್ಲೇ ನುಡಿಸಿದರೆ ಓರೆ ತಾನಾಗಿಯೇ ಸರಿಹೋಗುತ್ತದೆಯೇ? ಬೆಲ್ಟ್ ಸಡಿಲವಾಗಿದೆ, ಹೊಸದು ತಪಕೀರ್ ಗಲ್ಲಿಯಲ್ಲಿ ಸಿಕ್ಕೀತೇ?

ಚಿಂಚವಡದ ವೈರಿಂಗ್‌ನವನು:

ಇಷ್ಟು ವರ್ಷದಲ್ಲಿ ಹೆಡ್ ಜರುಗಿರದಿದ್ದರೆ ಖಂಡಿತ ಸರಿಹೋಗುತ್ತದೆ. ಹಳೆಯ ಬೆಲ್ಟಿನ ಸುತ್ತಳತೆಯನ್ನು ದಾರದಿಂದ ಅಳೆದು ಬರೆದುಕೊಳ್ಳಿ. ಬೆಲ್ಟ್ ಸಡಿಲಾಗಿ ಹಿಗ್ಗಿರುತ್ತದೆ, ಆದ್ದರಿಂದ ಹೊಸದು ಸ್ವಲ್ಪ ಚಿಕ್ಕದಿರಲಿ. ಯಂತ್ರವನ್ನು ಕಾರಿನಲ್ಲಿ ತರುವಾಗ ಹಿಂದಿನ ಸೀಟಿನ ಮೇಲೆ ದಿಂಬಿಟ್ಟು ತನ್ನಿ, ಡಿಕ್ಕಿಯಲ್ಲಿ ಬೇಡ.