ಮೇಲ್ಸೇತುವೆಯ ಅಡಿಯ ಖಾಲಿ ಜಾಗ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನಾನು ದಿನವೂ ದಾಟುವ ಮೇಲ್ಸೇತುವೆಯ ಅಡಿಯಲ್ಲಿ ಉದ್ದಕ್ಕೂ ಖಾಲಿ ಜಾಗವಿದೆ. ಎರಡು ವರ್ಷಗಳ ಹಿಂದೆ ಅಲ್ಲಿನ ಕಂಬಗಳಿಗೆ ಬಣ್ಣ ಬಳಿದು, ಸಸಿಗಳನ್ನು ನೆಟ್ಟು, ಸುತ್ತ ಕಬ್ಬಿಣದ ಬೇಲಿ ಹಾಕಿದರು. ಈಗ ಸಸಿಗಳು ಒಣಗಿವೆ, ಬೇಲಿಯೊಳಗೆ ಕಸ ತುಂಬಿದೆ, ಕತ್ತಲಾದರೆ ಆ ಬದಿಗೆ ಹೋಗಲು ಹೆಂಗಸರು ಅಂಜುತ್ತಾರೆ. ಎತ್ತರದಲ್ಲಿ ಹಾದುಹೋಗುವ ಹಳೆಯ ರೈಲುಮಾರ್ಗವನ್ನೇ ಉದ್ಯಾನವಾಗಿಸಿದ ನ್ಯೂಯಾರ್ಕಿನ ಹೈ ಲೈನ್‌ಗೆ ಸುರಿದಷ್ಟು ಹಣವಿಲ್ಲದೆಯೂ ಇಂತಹ ಜಾಗಕ್ಕೆ ಜನರು ಬಂದು ಕೂರುವಂತೆ ಮಾಡಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಸಸಿಗಳು ಒಣಗಿದ್ದು ಆರೈಕೆಯ ಕೊರತೆಯಿಂದ ಮಾತ್ರವಲ್ಲ. ಸೇತುವೆಯ ಅಡಿಯ ಮಣ್ಣಿಗೆ ಮಳೆ ಬೀಳುವುದಿಲ್ಲ, ಬಿಸಿಲು ಅಂಚಿಗಷ್ಟೇ ಓರೆಯಾಗಿ ತಾಗುತ್ತದೆ, ಮೇಲಿನ ಸಂದುಗಳಿಂದ ತೊಟ್ಟಿಕ್ಕುವ ನೀರಿನಲ್ಲಿ ಎಣ್ಣೆಯೂ ಟಯರಿನ ಧೂಳೂ ಬೆರೆತಿರುತ್ತವೆ. ಆದ್ದರಿಂದ ಉದ್ಯಾನದ ಆಸೆಯನ್ನು ಬಿಟ್ಟು, ಆ ಜಾಗದಲ್ಲಿ ನಿಜವಾಗಿ ಇರುವುದನ್ನು ಗಮನಿಸಿ: ಮಳೆಯಲ್ಲೂ ನೆನೆಯದ ನೆಲ ಮತ್ತು ನಡುಹಗಲಿನಲ್ಲೂ ಸಿಗುವ ನೆರಳು. ಆಟಕ್ಕೆ, ಸಂತೆಗೆ, ಸಂಜೆಯ ಮಾತುಕತೆಗೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ನೆದರ್‌ಲೆಂಡ್ಸ್‌ನ ಕೋಗ್ ಆನ್ ಡೆ ಜಾನ್ ಎಂಬ ಸಣ್ಣ ಊರನ್ನು ಎ8 ಹೆದ್ದಾರಿಯು ನಡುವೆ ಸೀಳಿಕೊಂಡು ಹೋಗಿತ್ತು. ಸ್ಥಳೀಯ ಆಡಳಿತವು ನಿವಾಸಿಗಳ ಬೇಡಿಕೆಗಳನ್ನು ಕೇಳಿ, ಹೆದ್ದಾರಿಯ ಅಡಿಯಲ್ಲೇ ದಿನಸಿಯ ದೊಡ್ಡ ಮಳಿಗೆ, ಹೂವು ಮತ್ತು ಮೀನಿನ ಅಂಗಡಿಗಳು, ಸ್ಕೇಟಿಂಗ್ ಅಂಕಣ ಹಾಗೂ ಆಟದ ಜಾಗಗಳನ್ನು ರೂಪಿಸಿತು. ಈ ಕೆಲಸಕ್ಕೆ 2006ರಲ್ಲಿ ನಗರದ ಸಾರ್ವಜನಿಕ ಸ್ಥಳಗಳಿಗೆ ಮೀಸಲಾದ ಯುರೋಪಿನ ಪ್ರಶಸ್ತಿಯೂ ಬಂದಿತು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಆ ದಿನಸಿ ಮಳಿಗೆಯೇ, ಏಕೆಂದರೆ ಚಿತ್ರ ಬಿಡಿಸಿದ ಕಂಬವನ್ನು ನೋಡಲು ಜನರು ಒಮ್ಮೆ ಬಂದಾರು, ಅಕ್ಕಿ ಬೇಳೆಗೆ ವಾರವಾರವೂ ಬರುತ್ತಾರೆ.

ಉತ್ತರ 2

ಖಾಲಿ ಎಂದಿರಿ. ನಿಜವಾಗಿಯೂ ಖಾಲಿಯೇ? ತಳ್ಳುಗಾಡಿ ನಿಲ್ಲಿಸುವವರು, ರಾತ್ರಿ ಮಲಗುವವರು, ಚೆಂಡು ಹಿಡಿದು ಬರುವ ಮಕ್ಕಳು ಅಲ್ಲಿದ್ದರೆ ಮೊದಲು ಅವರನ್ನೇ ಮಾತನಾಡಿಸಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1990ರಲ್ಲಿ ಸ್ಕೇಟಿಂಗ್ ಆಡುವ ಯುವಕರು ಬರ್ನ್‌ಸೈಡ್ ಸೇತುವೆಯ ಅಡಿಯಲ್ಲಿ ಅನುಮತಿಯಿಲ್ಲದೆ ತಾವೇ ಕಾಂಕ್ರೀಟು ಹಾಕಿ ಅಂಕಣ ಕಟ್ಟತೊಡಗಿದರು. ನಗರಾಡಳಿತವು ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಆಮೇಲೆ.

ಉತ್ತರ 3

ಹೈ ಲೈನ್‌ನ ವಿಷಯದಲ್ಲಿ ಒಂದು ಮಾತು. ಆ ಸರಕು ರೈಲುಮಾರ್ಗದಲ್ಲಿ ಕೊನೆಯ ರೈಲು ಓಡಿದ್ದು 1980ರಲ್ಲಿ, ಅದನ್ನು ಉಳಿಸಲು ನಾಗರಿಕರ ಸಂಘಟನೆ ಹುಟ್ಟಿದ್ದು 1999ರಲ್ಲಿ, ಉದ್ಯಾನದ ಮೊದಲ ಭಾಗ ತೆರೆದದ್ದು 2009ರಲ್ಲಿ. ಜನರೇನೋ ಕಿಕ್ಕಿರಿದು ಬಂದರು, ಆದರೆ ಸುತ್ತಲಿನ ಮನೆಗಳ ಬೆಲೆಯೂ ಏರಿತು, ಮತ್ತು ಪಕ್ಕದ ಸಾರ್ವಜನಿಕ ವಸತಿಗಳ ನಿವಾಸಿಗಳನ್ನು ತಲುಪುವಲ್ಲಿ ತಾವು ಸೋತೆವೆಂದು ಸಹಸ್ಥಾಪಕ ರಾಬರ್ಟ್ ಹ್ಯಾಮಂಡ್ ಅವರೇ ಮುಂದೆ ಒಪ್ಪಿಕೊಂಡರು. ನೀವು ಮನವಿ ಬರೆಯುವಾಗ ಕಸ ಗುಡಿಸುವವರು ಯಾರು, ಕೆಟ್ಟ ದೀಪವನ್ನು ಬದಲಿಸುವವರು ಯಾರು, ಅದರ ಹಣ ಪ್ರತಿವರ್ಷ ಎಲ್ಲಿಂದ ಬರುತ್ತದೆ ಎಂಬುದನ್ನು ವಿನ್ಯಾಸಕ್ಕಿಂತ ಮೊದಲೇ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಈ ಸಂಜೆ ಅಲ್ಲಿಗೆ ಹೋಗಿ ಅರ್ಧ ಗಂಟೆ ನಿಂತು ನೋಡಿದೆ. ಬೇಲಿಯ ಎರಡು ಸರಳುಗಳನ್ನು ಯಾರೋ ಬಾಗಿಸಿದ್ದಾರೆ, ಅಲ್ಲಿಂದ ಇನ್ನೊಂದು ಬದಿಯವರೆಗೆ ಒಂದು ಅಡಿ ಅಗಲದ ಕಾಲುದಾರಿ ಸವೆದು ನುಣುಪಾಗಿದೆ. ಶಾಲೆಯ ಚೀಲ ಹೊತ್ತ ಮಕ್ಕಳು ಒಬ್ಬರ ಹಿಂದೊಬ್ಬರು ತಲೆ ಬಗ್ಗಿಸಿ ಅದರಲ್ಲೇ ದಾಟಿದರು. ಆ ಜಾಗದಲ್ಲಿ ಬೇಲಿ ತೆಗೆದು ಒಂದು ದೀಪ ಹಾಕಿಸಬೇಕೆಂದು ಮೊದಲ ಮನವಿ ಬರೆಯುತ್ತಿದ್ದೇನೆ.